ಬೊಂಬೆ ಟಿಕ್ ಎನ್ನುತ್ತಿತ್ತು

ನೀಲಿ ಕಾಗದದ ಎದೆಹೊದಿಕೆ ಅವನ ಹೊಟ್ಟೆಯ ಮೇಲೆ ಮುದುಡಿ ಬಿದ್ದಿದೆ, ನಾನೇ ಕೊರಳಿಗೆ ಸಿಕ್ಕಿಸಿದ್ದು, ಅವನ ಹಲ್ಲು ಶುಚಿ ಮಾಡುವಾಗ ಅಂಗಿ ನೆನೆಯಬಾರದೆಂದು, ಈಗ ಅಂಗಿಯೇ ಇಲ್ಲ, ಕತ್ತರಿಸಿ ಬಿಸಾಡಿಯಾಯಿತು, ನಾನು ಎದೆ ಒತ್ತಿದಾಗಲೆಲ್ಲ ಆ ಕಾಗದ ಸರಸರ ಎನ್ನುತ್ತದೆ, ಒತ್ತು, ಬಿಡು, ಒತ್ತು — ಓರ್ವಿಲ್ ಡೂಸೆ, ಬದುಕಿಡೀ ಈ ನದಿ ದಾಟಿಸುವ ದೋಣಿ ನಡೆಸಿದವನು, ಚಳಿಗಾಲ ಬಂತೆಂದರೆ ನಮಗೆಲ್ಲ ಹೊಗೆ ಹಾಕಿದ ಮೀನು ತಂದುಕೊಡುವವನು, ಈಗಷ್ಟೇ ನಮ್ಮ ಹಲ್ಲಿನ ಕ್ಲಿನಿಕ್ಕಿನ ಈ ಕುರ್ಚಿಯಲ್ಲಿ ಒರಗಿ ನನ್ನನ್ನು ರೇಗಿಸುತ್ತಿದ್ದ, ಉಳಿದಿರೋ ಹಲ್ಲೆಲ್ಲಾ ನಿನಗೆ ಹೆದರ್ಕೊಂಡೇ ನಿಂತಿವೆ ಕಣೇ ಜೀನೆಟ್, ನಾನು ನಕ್ಕೆ, ಅವನು ನಗಲಿಲ್ಲ, ಕಣ್ಣಾಲಿ ಮೇಲೆ ಸಿಕ್ಕಿಕೊಂಡಿತ್ತು. ಉಸಿರಿಲ್ಲ, ನಾಡಿಯಿಲ್ಲ. ಗೋಡೆಯಾಚೆ ಅವನ ಹೆಂಡತಿ ಬರ್ನಡೆಟ್ ಅವನಿಗೇ ಕಾಲುಚೀಲ ಹೆಣೆಯುತ್ತ ಕೂತಿದ್ದಳು, ಎದೆಗೆ ಶಾಕ್ ಕೊಡುವ ಯಂತ್ರ ತರಲು ಮುಂದಿನ ಮೇಜಿನ ಥೆಲ್ಮಾ ಅವಳೆದುರೇ ಓಡಿದಳಲ್ಲ, ಈಗ ಆ ಸೂಜಿಗಳ ಸದ್ದು ಕೇಳುತ್ತಿಲ್ಲ, ಪಾಪ, ಅವಳಿಗೆ ಗೊತ್ತಾಗಿರಬೇಕು.

ಮೊದಲು ಒತ್ತಿದಾಗ ಕುರ್ಚಿಯೇ ಬಗ್ಗಿತು, ಎದೆ ಬಗ್ಗಲಿಲ್ಲ, ನನ್ನ ಬಲವೆಲ್ಲ ಮೆತ್ತೆಯ ಪಾಲು, ಆಗ ತಲೆಯೊಳಗೆ ಮ್ಯೂರಿಯೆಲ್ ಗದರಿದಳು, ಸ್ಟೂಲ್ ಎಲ್ಲೇ? — ಆಂಬುಲೆನ್ಸಿನಲ್ಲಿ ದುಡಿದೇ ಮುದುಕಿಯಾದ ಮ್ಯೂರಿಯೆಲ್, ಪ್ರತಿ ವಸಂತದಲ್ಲೂ ನಮಗೆ ತರಬೇತಿ ಕೊಡಲು ರಬ್ಬರ್ ಬೊಂಬೆಯನ್ನು ಹೆಗಲಿಗೇರಿಸಿ ಬರುವವಳು, ನಾವೋ ಡೋನಟ್ ತಿನ್ನುತ್ತ ನೆಲದ ಮೇಲೆ ಆ ಬೊಂಬೆಯ ಎದೆ ಒತ್ತಿ, ಸಾಕಷ್ಟು ಆಳಕ್ಕೆ ಹೋಯಿತೆಂದು ಅದು ಟಿಕ್ ಎಂದ ಕೂಡಲೇ ಎದ್ದು ಕೈ ಕೊಡವುವವರು. ಈ ಸಲ ವಿಡಿಯೊ ನೋಡಿದರೆ ಸಾಕಲ್ಲವೇ ಎಂದು ಡಾಕ್ಟರ್ ಲ್ಯಾಂಡ್ರಿ ಕೇಳಿದ್ದರು, ಅವಳು ಬೊಂಬೆಯನ್ನು ಎತ್ತಿ ಈ ಕುರ್ಚಿಯಲ್ಲೇ ಮಲಗಿಸಿದಳು, ನಿಮ್ಮ ಪೇಷೆಂಟು ಬೀಳೋದು ನೆಲದ ಮೇಲಲ್ಲ ರಾಜಾ, ಇಲ್ಲಿ, ಒತ್ತಿ ನೋಡೋಣ. ಒತ್ತಿದೆವು, ಕುರ್ಚಿ ಉಯ್ಯಾಲೆಯಾಡಿತು, ಟಿಕ್ ಬರಲೇ ಇಲ್ಲ, ನಮಗೆ ನಗು, ಅವಳು ಸ್ಟೂಲನ್ನು ಕುರ್ಚಿಯ ಬೆನ್ನಿನ ಕೆಳಗೆ ತುರುಕಿ ಇನ್ನೊಮ್ಮೆ ಮಾಡಿಸಿದಳು, ಮತ್ತೊಮ್ಮೆ, ಬೆವರಿಳಿಯುವ ತನಕ, ಥೂ ಹಾಳಾದ ಮುದುಕಿ ಎಂದು ನಾನು ಗೊಣಗಿದ್ದೆ. ಆ ಸ್ಟೂಲೇ ಈಗ ಕುರ್ಚಿಯ ಕೆಳಗಿದೆ, ನಾನು ಕಾಲಿನಿಂದ ಒದ್ದು ತಳ್ಳಿದ್ದು, ಯೋಚಿಸಲಿಲ್ಲ, ಕಾಲಿಗೆ ಗೊತ್ತಿತ್ತು. ಈಗ ಎದೆ ಬಗ್ಗುತ್ತಿದೆ, ಆದರೆ ಟಿಕ್ ಎಲ್ಲಿ, ನನ್ನ ಕೈ ಅದಕ್ಕೇ ಕಾಯುತ್ತಿದೆ, ಎಂಥ ಹುಚ್ಚು, ಮನುಷ್ಯನೊಳಗೆ ಟಿಕ್ ಎಲ್ಲಿಂದ ಬರಬೇಕು — ಕಟಕ್. ದೇವರೇ. ಪಕ್ಕೆಲುಬು. ನಾನೇ ಮುರಿದೆ, ಕೈ ಹಿಂದೆ ಸರಿಯುತ್ತಿದೆ, ಅವನಿಗೆ ಉಸಿರೂಡಲು ಗಾಳಿಚೀಲ ಹಿಡಿದ ಡಾಕ್ಟರು ನನ್ನ ಮುಖ ನೋಡುತ್ತಿದ್ದಾರೆ, ಪಾಪದ ಹುಡುಗ, ಬಿಳಿಚಿಹೋಗಿದ್ದಾನೆ, ತಲೆಯೊಳಗೆ ಮತ್ತೆ ಮ್ಯೂರಿಯೆಲ್, ಮುರಿದಾಗ ಎಲ್ಲರೂ ನಿಲ್ಲಿಸ್ತಾರೆ ಜೀನೆಟ್, ಮೆತ್ತಗಾಗ್ತಾರೆ, ಅಲ್ಲೇ ಮನುಷ್ಯ ಹೋಗೋದು, ಮೂಳೆ ಕೂಡುತ್ತೆ, ನೀನು ಒತ್ತು. ಒತ್ತುತ್ತೇನೆ ಮಾರಾಯ್ತಿ, ಒತ್ತುತ್ತೇನೆ, ಭುಜ ಉರಿಯುತ್ತಿದೆ, ಕಾಗದ ಸರಸರ, ಒತ್ತು, ಬಿಡು, ದೂರ ಸರಿಯಿರಿ ಎನ್ನುತ್ತದೆ ಥೆಲ್ಮಾ ತಂದ ಶಾಕ್ ಯಂತ್ರ, ಕೈ ಎತ್ತಿದೆ, ಅವನ ಮೈ ಒಮ್ಮೆ ಅದುರಿತು, ಮತ್ತೆ ಒತ್ತು, ಸತ್ತುಗಿತ್ತು ಹೋದೀಯ ಓರ್ವಿಲ್, ಈ ಚಳಿಗಾಲದ ಮೀನು ಬಾಕಿ ಇದೆ, ಒತ್ತು —

ಏನೋ ನನ್ನ ಮಣಿಕಟ್ಟನ್ನು ತಳ್ಳಿತು. ಅವನ ಕೈ. ನೋವಿಗೆ ನರಳುತ್ತ ನನ್ನನ್ನು ದೂಡುತ್ತಿದ್ದಾನೆ, ಬೊಂಬೆ ಎಂದೂ ನನ್ನನ್ನು ದೂಡಿರಲಿಲ್ಲ, ಡಾಕ್ಟರು ನಿಲ್ಲಿಸು ಜೀನೆಟ್, ನಿಲ್ಲಿಸು ಎನ್ನುತ್ತಿದ್ದಾರೆ, ನಿಲ್ಲಿಸಿದ್ದೇನೆ, ನೋಡಿ, ನನ್ನ ಎರಡೂ ಕೈ ಗಾಳಿಯಲ್ಲಿವೆ, ನಾನು ಅವನನ್ನು ಮುಟ್ಟುತ್ತಿಲ್ಲ, ಆದರೂ ಹೊಟ್ಟೆಯ ಮೇಲಿನ ಆ ನೀಲಿ ಕಾಗದ, ಸರಸರ, ಏಳುತ್ತಿದೆ, ಇಳಿಯುತ್ತಿದೆ, ಏಳುತ್ತಿದೆ.