ಒಲ್ಲೆನೆಂದ ನೀರು

ಇಂಡಿ ಪಟ್ಟಣದಿಂದ ಹೊರಟ ಬಸ್ಸು ಲಚ್ಯಾಣ ದಾಟಿ ಶಾಲೆಯಿದ್ದ ಊರಿನ ಅಗಸಿ ಬಾಗಿಲಲ್ಲಿ ಇಳಿಸುವಷ್ಟರಲ್ಲಿ ವಿದ್ಯಾವತಿಯ ನಾಲಿಗೆ ಅಂಗುಳಕ್ಕೆ ಅಂಟಿರುತ್ತಿತ್ತು. ಬೆಳಿಗ್ಗೆ ಅರ್ಧ ಕಪ್ಪು ಚಹಾ. ಆಮೇಲೆ ಸಂಜೆ ಇಂಡಿಯ ಬಾಡಿಗೆ ಕೋಣೆಯ ಬೀಗ ತೆಗೆಯುವವರೆಗೂ ಹನಿ ನೀರು ಮುಟ್ಟುತ್ತಿರಲಿಲ್ಲ. ಬಾಯಾರುತ್ತಿರಲಿಲ್ಲವೆಂದಲ್ಲ. ಶಾಲೆಯ ಹೆಂಗಸರ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ, ನಲ್ಲಿಗೆ ನೀರಿರಲಿಲ್ಲ. ಇಡೀ ಶಾಲೆಗೆ ಅವಳೊಬ್ಬಳೇ ಶಿಕ್ಷಕಿ, ಊರವರ ಬಾಯಲ್ಲಿ ‘ಅಕ್ಕೋರು’. ಒಮ್ಮೆ ಧೈರ್ಯ ಮಾಡಿ, “ಸರ, ಆ ಬಾಗಲಾ...” ಎಂದು ಹೆಡ್‌ಮಾಸ್ತರ ಮಡಿವಾಳಪ್ಪನವರ ಮುಂದೆ ಬಾಯಿ ತೆರೆದಿದ್ದಳು.

“ಅರ್ಜಿ ಕೊಟ್ಟೇವ್ರಿ ಅಕ್ಕೋರ. ಮ್ಯಾಲಿಂದ ಬರಬೇಕಲ್ಲ?” ಎಂದವರೇ ಅವರು ಹೊಲದ ಬದುವಿನ ಕಡೆ ನಡೆದಿದ್ದರು. ಗಂಡಸರಿಗೆ ಊರೆಲ್ಲ ಬಯಲು.

ಶಾಲೆಯ ಎದುರಿಗೇ ಸಾವಿತ್ರವ್ವನ ಮನೆ. ಪಡಸಾಲೆಯ ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ನೀರಿನ ಗಡಿಗೆ. ಮಧ್ಯಾಹ್ನ ವಿದ್ಯಾವತಿ ಆ ಮನೆಯ ಕಟ್ಟೆಯ ಮೇಲೆ ಕುಳಿತು ಡಬ್ಬಿ ಬಿಚ್ಚುತ್ತಿದ್ದಳು. ಮಕ್ಕಳಲ್ಲದವರೊಡನೆ ದಿನಕ್ಕೆ ಅವಳಾಡುವ ಮಾತೆಂದರೆ ಅಲ್ಲಿ ಆಡಿದ್ದಷ್ಟೇ. ಬಾಗೇವಾಡಿಯ ತವರಿನಲ್ಲಿ ಈಗ ಅಣ್ಣ ಕಲ್ಮೇಶನ ಸಂಸಾರ. ಫೋನು ಮಾಡಿದರೆ “ಎಲ್ಲಾ ಆರಾಮಲ್ಲ?” ಎಂದು ಅವನೇ ಉತ್ತರವನ್ನೂ ಹೇಳಿಬಿಡುತ್ತಿದ್ದ.

“ಬಿಸಲಾಗ ಬಂದೀರಿ, ಬೆಲ್ಲ ತಿಂದು ನೀರ್ ಕುಡೀರಿ ಅಕ್ಕೋರ,” ಎನ್ನುತ್ತಿದ್ದಳು ಸಾವಿತ್ರವ್ವ.

“ಬ್ಯಾಡ್ರಿ, ಈಗ ಕುಡದೇನಿ.”

ಕುಡಿದರೆ ಎಲ್ಲಿಗೆ ಹೋಗುವುದು? ಆ ಮಾತು ಮಾತ್ರ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಸಾವಿತ್ರವ್ವ ನೀರಿಗೆ ಕರೆಯುವುದನ್ನು ಬಿಟ್ಟಳು. ಆಮೇಲೆ ಮಾತನ್ನೂ ಬಿಟ್ಟಳು. ಅಕ್ಕೋರು ಕಟ್ಟೆಗೆ ಬಂದರೆ ಒಳಗೆ ಏನೋ ಕೆಲಸ ನೆನಪಾದವಳಂತೆ ಎದ್ದು ಹೋಗುತ್ತಿದ್ದಳು. ವಿದ್ಯಾವತಿ ಬಸ್ಸಿನ ಕಿಟಕಿಗೆ ತಲೆಯೊರಗಿಸಿ ತಾನಾಡಿದ ಮಾತುಗಳನ್ನೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿದಳು. ಒಂದು ಕಲ್ಲೂ ಸಿಗಲಿಲ್ಲ. ಕಟ್ಟೆ ಬಿಟ್ಟು, ತರಗತಿಯಲ್ಲೇ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದಳು.

ಅದೇ ಚಳಿಗಾಲದಲ್ಲಿ ಉರಿಮೂತ್ರ ಶುರುವಾಯಿತು. ಬೆನ್ನಿನ ಬಲಮಗ್ಗುಲು ಹಿಡಿದುಕೊಂಡಿತು. ಔಷಧಿ ಅಂಗಡಿಯ ನೋವಿನ ಗುಳಿಗೆ ನುಂಗಿ ಪಾಠ ಮಾಡಿದಳು. ಹಲ್ಲು ಕಟಕಟಿಸುವ ನಡುಕದ ಜ್ವರ ಬಂದಾಗ ಮಾತ್ರ ಆಟೋ ಹತ್ತಿ ಇಂಡಿಯ ಡಾಕ್ಟರಮ್ಮನ ಹತ್ತಿರ ಹೋದಳು.

“ಜೋಡಿ ಯಾರ್ ಬಂದಾರ್ರಿ?”

“ಯಾರೂ ಇಲ್ರಿ.”

ಡಾಕ್ಟರಮ್ಮ ತಮ್ಮ ಮುಷ್ಟಿಯನ್ನು ಅವಳ ಪಕ್ಕೆಲುಬಿನ ಕೆಳಗೆ, ಬೆನ್ನ ಕಡೆಗೆ ಮೆಲ್ಲಗೆ ಇಟ್ಟರು. ಅವಳು ಹಾರಿಬಿದ್ದಳು.

“ಕಿಡ್ನಿ ಇಷ್ಟ ದಪ್ಪ ಇರ್ತಾವು, ಈ ಕಡಿಗೊಂದು ಆ ಕಡಿಗೊಂದು. ಮೈಯಾಗಿನ ರಕ್ತಾ ಎಲ್ಲಾ ಸೋಸ್ತಾವು. ಕೆಟ್ರೂ ಲಗೂನ ಬಾಯಿ ಬಿಡೂದಿಲ್ಲ, ಥೇಟ್ ನಿಮ್ಮಂಗನ. ನೀವು ನೀರ್ ಕುಡೀಲಿಲ್ಲ, ಬಂದದ್ದನ್ನ ತಡದ್ರಿ. ಸೋಂಕು ಮ್ಯಾಲೆ ಹತ್ತಿ ಕಿಡ್ನಿಗಿ ಮುಟ್ಟೇತಿ. ಅದರಾಗ ಯಾರನ್ನೂ ಕೇಳದ ನೋವಿನ ಗುಳಿಗಿ! ಈ ಸಲ ಉಳಕೊಂಡ್ರಿ. ಮತ್ತ ಮತ್ತ ಹಿಂಗಾದ್ರ ಒಳಗ ಕಲೆ ಬೀಳ್ತೈತಿ. ಅದು ಮಾಯೂದಿಲ್ಲ.”

“ಸಾಲ್ಯಾಗ ಜಾಗಾ ಇಲ್ರಿ.”

“ಜಾಗಾ ಕೇಳ್ರಿ! ಕಿಡ್ನಿಗಿಂತ ನಾಚಿಕಿ ದೊಡ್ಡದೇನ್ರಿ?”

ಜ್ವರ ಇಳಿದು ಶಾಲೆಗೆ ಮರಳಿದ ದಿನ ಅವಳು ಗೇಟಿನ ಒಳಗೆ ಹೋಗಲಿಲ್ಲ. ಸಾವಿತ್ರವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಮನೆಯ ಮಗ್ಗುಲಲ್ಲಿ ಹಸಿರು ಬಾಗಿಲಿನ ಶೌಚಾಲಯ. ಬಾಗಿಲಿಗೆ ಚಿಲಕವಿತ್ತು. ಇಷ್ಟು ದಿನ ಅದನ್ನು ನೋಡಿಯೂ ನೋಡದಂತೆ ಇದ್ದಳಲ್ಲ!

“ಸಾವಿತ್ರವ್ವ, ನೀರ್ ಬೇಕಾಗಿತ್ತು.”

ಸಾವಿತ್ರವ್ವ ತಲೆ ಎತ್ತಲಿಲ್ಲ. “ನಮ್ಮನಿ ನೀರು ನಿಮಗ ನಡೀತೈತೇನ್ರಿ ಅಕ್ಕೋರ?”

ವಿದ್ಯಾವತಿಗೆ ಆಗ ತಿಳಿಯಿತು, ಕಲ್ಲು ಎಲ್ಲಿತ್ತೆಂದು. ತಾನು ಒಲ್ಲೆನೆಂದದ್ದು ನೀರನ್ನು. ಈಕೆ ಅದರಲ್ಲಿ ಕೇಳಿಸಿಕೊಂಡದ್ದು ಕುಲದ ಮೇಲು ಕೀಳನ್ನು. ಈ ಸೀಮೆಯಲ್ಲಿ ನೀರು ಒಲ್ಲೆನೆಂದರೆ ಬೇರೆ ಅರ್ಥವೆಲ್ಲಿದೆ?

“ಅದಕ್ಕಲ್ರಿ ಯವ್ವಾ,” ಎಂದಳು. “ಕುಡದ್ರ ಹೋಗಾಕ ಜಾಗಾ ಇರಲಿಲ್ಲ. ತಡದು ತಡದು ಕಿಡ್ನಿಗಿ ಬಂತು. ನಿಮ್ಮ ಸಂಡಾಸ... ದಿನಾ ಒಂದೆರಡ ಸಲ...”

ಸಾವಿತ್ರವ್ವನ ಕೈಯ ಕಾಯಿ ಹಾಗೇ ನಿಂತಿತು. “ಅಯ್ಯ ನಿನ್ನ! ಹದಿನಾರ ಪುಸ್ತಕ ಓದಿ, ಉಚ್ಚಿಗಿ ಜಾಗಾ ಕೇಳಾಕ ಬರಲಿಲ್ಲೇನ ನಿನಗ?” ಬಹುವಚನ ಎಲ್ಲೋ ಬಿದ್ದುಹೋಗಿತ್ತು. ಒಳಗೆ ಹೋಗಿ ನಗುತ್ತ ತಂಬಿಗೆ ತುಂಬಿ ತಂದಳು.

ವಿದ್ಯಾವತಿ ತಲೆ ಹಿಂದಕ್ಕೆ ಚಾಚಿ ತಂಬಿಗೆ ಮೇಲೆತ್ತಿದಳು. ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ಬಾಗೇವಾಡಿಯ ಮನೆಯಲ್ಲಿ ಅಜ್ಜಿ ಹಾಕಿಕೊಟ್ಟ ರೂಢಿ. ಆ ಎತ್ತಿದ ಕೈಯನ್ನು ಸಾವಿತ್ರವ್ವನ ಕಣ್ಣು ನೋಡುತ್ತಿತ್ತು. ನಗು ಅರ್ಧಕ್ಕೆ ಆರಿತ್ತು.

ಬಾಯಿ ಎಷ್ಟು ಚಂದ ಮಾತಾಡಿದರೂ ಕೈ ಇನ್ನೂ ಅಜ್ಜಿಯದೇ ಆಗಿತ್ತು. ವಿದ್ಯಾವತಿ ತಂಬಿಗೆ ಕೆಳಗಿಳಿಸಿದಳು. ಅಂಚಿಗೆ ತುಟಿ ಒತ್ತಿ, ಗುಟುಕು ಗುಟುಕಾಗಿ, ತಳ ಕಾಣುವವರೆಗೂ ಕುಡಿದಳು. ತಾನು ನೀರು ಕುಡಿಯುವುದನ್ನು ಇನ್ನೊಬ್ಬರು ಹೀಗೆ ನಿಂತು ನೋಡಿ ಎಷ್ಟು ಕಾಲವಾಗಿತ್ತೋ!

ಸಾವಿತ್ರವ್ವ ತಂಬಿಗೆ ಇಸಿದುಕೊಂಡಳು, ತೊಳೆಯಲಿಲ್ಲ. ಹಾಗೇ ಗಡಿಗೆಯಲ್ಲಿ ಅದ್ದಿ ಮತ್ತೆ ತುಂಬಿದಳು.

“ಇನ್ನೊಂದ ಕುಡಿ. ಚಿಲಕಾ ಸ್ವಲ್ಪ ಬಿಗಿ ಐತಿ, ಎತ್ತಿ ಹಾಕಬೇಕ.”