ಹಳದಿ ಪಟ್ಟೆ ಮೀನಿನ ಗಣತಿ

ಪ್ರೊಫೆಸರರು ಸಮುದ್ರದ ಬಗ್ಗೆ ದಪ್ಪ ಪುಸ್ತಕ ಬರೆದು ಹೆಸರು ಮಾಡಿದವರು. ಸಮುದ್ರಕ್ಕೆ ಇಳಿದಿರಲಿಲ್ಲ, ಅಷ್ಟೇ. ಊರಾಚೆಯ ಬಂಡೆಸಾಲಿನಲ್ಲಿ ಹಳದಿ ಪಟ್ಟೆ ಮೀನು ಹಿಂಡುಹಿಂಡಾಗಿದೆ ಎಂದು ಅವರು ಬರೆದಿದ್ದರು. ಅದು ಅಳಿದೇ ಹೋಗುತ್ತಿದೆ ಎಂದು ಈಗಿನ ಹುಡುಗರು ತಕರಾರು ತೆಗೆದರು. "ನಾನೇ ಇಳಿದು ಎಣಿಸಿ ಇವರ ಬಾಯಿ ಮುಚ್ಚಿಸ್ತೀನಿ" ಎಂದು ಹಟ ತೊಟ್ಟು, ನಿವೃತ್ತಿಯ ಹೊಸ್ತಿಲಲ್ಲಿ ಡೈವಿಂಗ್ ಕಲಿಯಲು ಹೊರಟರು.

ಕಲಿಸುವವಳು ಸ್ವಂತ ಅಕ್ಕನ ಮಗಳು. ಮಾವನ ಹೊಟ್ಟೆಯನ್ನು ರಬ್ಬರ್ ಅಂಗಿಯೊಳಗೆ ತುರುಕುವುದರಲ್ಲೇ ಅವಳ ಅರ್ಧ ಜೀವ ಹೋಗಿತ್ತು.

"ಮಾವ, ತಳ ಮುಟ್ಟಬೇಡಿ. ಕಾಲು ಬಡೀಬೇಡಿ. ನಿಧಾನಕ್ಕೆ ತೇಲಿ."

"ನನಗೇ ಪಾಠ ಹೇಳ್ತೀಯೇನೇ?" ಮೂಗಿನ ಮೇಲೇ ಇರುತ್ತಿದ್ದ ಸಿಟ್ಟಿನ ಮೇಲೆ ಮಾವ ಮಾಸ್ಕ್ ಏರಿಸಿದರು.

ಪರೀಕ್ಷೆಯ ದಿನ ತಳದಲ್ಲಿ ಅಳತೆಯ ಟೇಪು ಹಾಸಿತ್ತು. ಅದರ ಉದ್ದಕ್ಕೂ ಈಜುತ್ತ, ಕಂಡ ಮೀನಿಗೊಂದರಂತೆ ಪ್ಲಾಸ್ಟಿಕ್ ಹಲಗೆಯ ಮೇಲೆ ಗೀಟು ಹಾಕಬೇಕು. ಪ್ರೊಫೆಸರರು ಎಮ್ಮೆ ಕೆರೆಗಿಳಿದಂತೆ ಇಳಿದು, ಕಾಲು ಬಡಿದು, ತಳದ ಕೆಸರನ್ನೆಲ್ಲ ಎಬ್ಬಿಸುತ್ತ ಸಾಗಿದರು. ಗೀಟು ಹಾಕಿ ತಲೆಯೆತ್ತಿದರೆ ಎದುರಿಗೊಂದು ಹಳದಿ ಪಟ್ಟೆ. ಇನ್ನೊಂದು ಗೀಟು, ಇನ್ನೊಂದು ಪಟ್ಟೆ. ಖುಷಿ ತಡೆಯಲಾರದೆ ನೀರೊಳಗೇ ನಕ್ಕು ಉಪ್ಪುನೀರು ಕುಡಿದರು.

ದೋಣಿ ಹತ್ತಿದವರೇ ಹಲಗೆ ಎತ್ತಿ ಹಿಡಿದರು. "ನಲವತ್ತೊಂದು! ಈಗೇನಂತಾರೆ ಆ ತಕರಾರಿನ ಹುಡುಗರು?"

ಅವರ ಹಿಂದೆಯೇ ಈಜಿಬಂದಿದ್ದ ಹುಡುಗಿ ತುಟಿ ಕಚ್ಚಿಕೊಂಡಳು. "ಮಾವ, ಅದೆಲ್ಲ ಒಂದೇ ಮೀನು. ಬಾಲ ಹರಿದಿರೋದು ನೋಡ್ಲಿಲ್ವಾ? ನೀವೆಬ್ಬಿಸಿದ ಕೆಸರಲ್ಲಿ ಹುಳ ಸಿಗುತ್ತಲ್ಲ, ಅದಕ್ಕೆ ನಿಮ್ಮನ್ನೇ ಸುತ್ತಾಡ್ತಾ ಬಂತು."

"ತಲೆ ಕೆಟ್ಟಿದೆಯಾ ನಿಂಗೆ?"

ಬೇರೆ ಸಿಲಿಂಡರ್ ಕಟ್ಟಿಸಿಕೊಂಡು, ಅವಳನ್ನೂ ಕರೆದುಕೊಂಡು ಮತ್ತೆ ಇಳಿದರು. ಈ ಸಲ ಕಾಲು ಬಡಿಯಲಿಲ್ಲ. ಟೇಪಿನ ಮೇಲೆ ಅಲ್ಲಾಡದೆ ತೇಲಿದರು. ಕೆಸರು ತಳ ಸೇರಿ ನೀರು ತಿಳಿಯಾಯಿತು. ಕಣ್ಣು ಹಾಯುವವರೆಗೂ ಬರೀ ಬಂಡೆ. ಸ್ವಲ್ಪ ಹೊತ್ತಿಗೆ ಹರಿದ ಬಾಲದ ಮೀನು ಬಂದು, ಕೆಸರೇಳುವುದನ್ನೇ ಕಾಯುತ್ತ ಅವರ ಮುಖದೆದುರು ನಿಂತಿತು.

ಮೇಲೆ ಬಂದ ಮೇಲೆ ಹುಡುಗಿ ಹಲಗೆ ಕೈಗೆತ್ತಿಕೊಂಡಳು.

"ಎಷ್ಟು ಬರ್ಕೊಳ್ಳಲಿ ಮಾವ?"

"ಪುಸ್ತಕ ಹಾಳಾಗಿ ಹೋಗ್ಲಿ ಪುಟ್ಟೀ," ಎಂದರು ಅವರು, "ಅಷ್ಟು ದೊಡ್ಡ ಬಂಡೆಸಾಲಲ್ಲಿ ಅದೊಂದೇ ಇದೆ ಕಣೇ."