ಕೈಗೆಟುಕಿದಷ್ಟು ಗೋಡೆ

"ಹೌದಾ? ಯಾರು ಹೇಳಿದ್ದು?" ಕಮಲಾಕ್ಷರ ಬಳಿ ಯಾವ ಮಾತೆತ್ತಿದರೂ ಮೊದಲು ಎದುರಾಗುತ್ತಿದ್ದದ್ದು ಈ ಎರಡು ಪ್ರಶ್ನೆಗಳು. ಮಳೆ ಬರುವಂತಿದೆ ಎಂದರೂ ಅದೇ, ನಿಮಗೆ ಮೊಮ್ಮಗಳು ಹುಟ್ಟಿದಳಂತೆ, ಸಂತೋಷ ಎಂದರೂ ಅದೇ. ಉಡುಪಿ ಕಡೆಯಿಂದ ಬಂದು ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿ ನೆಲೆಸಿದ್ದ ಈ ರಸಾಯನಶಾಸ್ತ್ರಜ್ಞರು, ಗೋಡೆಗೆ ಭುಜ ಸವರುತ್ತ, ಮೈಯನ್ನು ಕಾಲುಭಾಗ ಹಿಂದಕ್ಕೆ ತಿರುಗಿಸಿಕೊಂಡೇ ನಡೆಯುತ್ತಿದ್ದರು. ಬೆನ್ನ ಹಿಂದೆ ಏನಾಗುತ್ತದೋ ಬಲ್ಲವರಾರು! ಲೋಕಲ್ ರೈಲಿನಲ್ಲಿ ನಿಂತವರೆಲ್ಲ ಚೀಲಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲಿನ ಹಲಗೆಗೆ ಸೇರಿಸಿದರೆ, ಇವರ ಚೀಲ ಮಾತ್ರ ಬೂದುಬಣ್ಣದ ಸಫಾರಿಯ ಎದೆಗೆ ಅವುಚಿಕೊಂಡೇ ಠಾಣೆ ನಗರ ಮುಟ್ಟುತ್ತಿತ್ತು.

ಹಳೆಯ ಕಲ್ಲುಕಟ್ಟಡಗಳನ್ನು ತಿನ್ನುತ್ತಿರುವ ಉಪ್ಪು ಯಾವುದು, ಎಲ್ಲಿಂದ ಬಂತು ಎಂದು ಪತ್ತೆ ಮಾಡುವುದು ಅವರ ವೃತ್ತಿ. ನೀರಿನೊಡನೆ ಕಲ್ಲಿನೊಳಗೆ ಸೇರಿದ ಉಪ್ಪು, ನೀರು ಆರಿದಾಗ ಹರಳುಗಟ್ಟಿ ಕಲ್ಲನ್ನು ಒಳಗಿನಿಂದಲೇ ಸಿಡಿಸುತ್ತದೆ; ಕಡಲಿನದಾದರೆ ಕ್ಲೋರೈಡ್, ಸಿಮೆಂಟಿನದಾದರೆ ಸಲ್ಫೇಟ್, ಮಲಮೂತ್ರದ್ದಾದರೆ ನೈಟ್ರೇಟ್. ಶಂಕೆಯೇ ಸ್ವಭಾವವಾದವರಿಗೆ ಇದಕ್ಕಿಂತ ಒಪ್ಪುವ ಉದ್ಯೋಗ ಇನ್ನುಂಟೆ? ತಮ್ಮನ್ನೂ ನಂಬದ ಅವರು ಕಲ್ಲುಪುಡಿಯ ಶೀಶೆಗಳ ಮೇಲೆ, ಕೆಲಸಕ್ಕೆ ಜೊತೆಯಾಗುತ್ತಿದ್ದ ನನ್ನಿಂದ ಗುಟ್ಟಿನ ಸಂಖ್ಯೆ ಬರೆಸುತ್ತಿದ್ದರು. ಯಾವುದು ಎಲ್ಲಿಯದೆಂದು ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದುತ್ತದಂತೆ. ಆಮೇಲೆ ನಾನು ಸಂಖ್ಯೆ ಸರಿಯಾಗಿ ಬರೆದೆನೋ ಇಲ್ಲವೋ ಎಂದು ನನ್ನ ಮೇಲೆ ಗುಮಾನಿ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಬಿಡಿ.

೨೦೦೬ರ ಬೇಸಿಗೆಯಲ್ಲಿ ಠಾಣೆಯ ಖಾಡಿ, ಅಂದರೆ ಕಡಲ ಹಿನ್ನೀರಿನ ದಂಡೆಯ ಹಳೆಯ ಬುರುಜೊಂದು ಪರೀಕ್ಷೆಗೆಂದು ಅವರ ಪಾಲಿಗೆ ಬಂತು. ಉದುರುತ್ತಿದ್ದ ಆ ಗೋಡೆಗೊರಗಿ ಕಲಬುರಗಿ ಕಡೆಯ ಕೂಲಿಗಳ ಒಂಬತ್ತು ಗುಡಿಸಲುಗಳಿದ್ದವು. ಇವರ ಶೌಚದಿಂದಲೇ ಕಲ್ಲು ಹಾಳಾಯಿತೆಂದು ವಿಜ್ಞಾನ ಹೇಳಿಬಿಟ್ಟರೆ ತೆರವು ಸುಲಭ; ಕೆಲಸ ಒಪ್ಪಿಸಿದ ಕಚೇರಿಗೆ ಬೇಕಾಗಿದ್ದದ್ದೂ ಅದೇ ಎಂದು ನನಗೆ ಅಂದೇ ಅನುಮಾನವಿತ್ತು. ನೈಟ್ರೇಟ್ ಹೇರಳವಾಗಿ ಸಿಕ್ಕಿತು. ಕಮಲಾಕ್ಷರು ವರದಿಗೆ ಸಹಿ ಹಾಕಿ ಕಳಿಸಿದರು.

ಬುರುಜಿನ ಬಳಿ ಉಳಿದಿದ್ದ ಸಾಮಾನು ತರಲು ಹೋದಾಗ ಗುಡಿಸಲೊಂದರ ದ್ರೌಪದಿ ಎಂಬಾಕೆ ನಮ್ಮನ್ನು ತಡೆದಳು.

"ಸಾಹೇಬ್ರ, ಕೈಗಿ ನಿಲುಕಿದ್ದಷ್ಟೇ ಕೆರಕೊಂಡು ಒಯ್ದೀರಿ. ಮ್ಯಾಲಿಂದ್ಯಾಕ ನೋಡ್ಲಿಲ್ರಿ?"

ನಿಜ. ಕೆಳಗೆ ಹಿಡಿದವನು ಬಿಟ್ಟುಬಿಟ್ಟರೆ ಎಂಬ ಭಯಕ್ಕೆ ಕಮಲಾಕ್ಷರು ಆಯುಷ್ಯದಲ್ಲಿ ಏಣಿ ಹತ್ತಿದವರಲ್ಲ. ಇಪ್ಪತ್ತೆರಡು ಶೀಶೆಗಳ ಪುಡಿಯೂ ಆಳೆತ್ತರದೊಳಗಿನದೇ. ನಿಚ್ಚಣಿಕೆ ತಾನೇ ಹಿಡಿಯುವೆನೆಂದಳು ಆಕೆ. ಯಾರ ಸೂರು ಇವರ ಸಹಿಯಿಂದ ಮುರಿಯಲಿತ್ತೋ ಅವಳ ಕೈಗೆ ಇವರ ಪ್ರಾಣ! ಸುಳ್ಳೇಕೆ, ನಾನೂ ಅವಳ ಬೆರಳುಗಳನ್ನೇ ಕಾಯುತ್ತ ನಿಂತೆ. ಕಮಲಾಕ್ಷರು ಚೀಲವನ್ನು ನನ್ನ ಕೈಗಿತ್ತು ಹತ್ತಿದರು. ಅವಳು ಅಲುಗದೆ ಹಿಡಿದಿದ್ದಳು.

ಆ ಪುಡಿ ಪರೀಕ್ಷಿಸಿದರೆ, ಇಪ್ಪತ್ತಡಿ ಮೇಲೆ ಕೆಳಗಿನದಕ್ಕಿಂತ ಮೂರು ಪಟ್ಟು ನೈಟ್ರೇಟ್. ಇಳಿದಂತೆಲ್ಲ ಅದು ಕಡಿಮೆ. ಬುರುಜಿನ ನೆತ್ತಿಯಲ್ಲಿ ಪುಣ್ಯಕ್ಕೆಂದು ದಿನವೂ ಕಾಳು ಚೆಲ್ಲುತ್ತಿದ್ದವರುಂಟು, ಅಲ್ಲಿ ನೂರಾರು ಪಾರಿವಾಳಗಳು. ಅವುಗಳ ಹಿಕ್ಕೆ ಮಳೆಯಲ್ಲಿ ಕರಗಿ ಕಲ್ಲಿನೊಳಗೆ ಇಳಿದಿತ್ತು.

"ಪಾಪದವರ ಮೇಲೆ ತಪ್ಪು ಹಾಕಿಬಿಟ್ಟೆ ಮಾರಾಯ್ರೇ," ಎಂದರು ಕಮಲಾಕ್ಷರು.

ಮೊದಲ ವರದಿ ತಪ್ಪೆಂದು ಬರೆದು ಎರಡನೆಯದನ್ನು ತಾವೇ ಒಯ್ದು ಕೊಟ್ಟರು. ಕಚೇರಿಯವರು ಮುದ್ರೆ ಒತ್ತಿ ಇಟ್ಟುಕೊಂಡರು, ಅಷ್ಟೆ. ಪುಣ್ಯವಂತರಿಗೆ ಕಾಳು ಹಾಕಬೇಡಿರೆನ್ನುವ ಉಸಾಬರಿ ಯಾರಿಗೆ ಬೇಕು? ಗಣಪತಿ ಹಬ್ಬದ ಮುಂಚಿನ ವಾರ ಗುಡಿಸಲುಗಳನ್ನು ಕೆಡವಿದರು. ನಾವು ಓಡಿ ಹೋದಾಗ ದ್ರೌಪದಿ ತಗಡುಗಳನ್ನು ಜೋಡಿಸುತ್ತಿದ್ದಳು.

"ಆರ್ಡರದಾಗ ನಿಮ್ಮ ಹೆಸರ ಓದಿ ಹೇಳ್ಯಾರ್ರಿ, ಸಾಹೇಬ್ರ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಆಮೇಲೆ ಅವರೆಲ್ಲ ಡೊಂಬಿವಲಿಯ ಪಕ್ಕದ ಕಲ್ಯಾಣದ ಕಡೆ ಹೋದರೆಂದು ಕೇಳಿದೆವು, ವಿಳಾಸ ಸಿಗಲಿಲ್ಲ.

ಅಂದಿನಿಂದ ಎಂಟು ವರ್ಷ, ಪ್ರತಿ ಮೇ ತಿಂಗಳಲ್ಲಿ, ಕಮಲಾಕ್ಷರು ಅದೇ ಗೋಡೆಯ ಬುಡದಿಂದ ಪುಡಿ ತೆಗೆದು ಪರೀಕ್ಷಿಸಿ ಕಚೇರಿಗೆ ಕಳಿಸಿದರು. ಗುಡಿಸಲುಗಳಿಲ್ಲದ ಗೋಡೆಯಲ್ಲಿ ನೈಟ್ರೇಟ್ ಇಳಿಯುವುದಿರಲಿ, ವರ್ಷವರ್ಷಕ್ಕೂ ಏರುತ್ತಿತ್ತು. ಉತ್ತರ ಒಮ್ಮೆಯೂ ಬರಲಿಲ್ಲ. ಲೋಕವನ್ನೆಲ್ಲ ಶಂಕಿಸಿ ಬದುಕುವ ಇಂಥವರು ಒಮ್ಮೆ ನಿರಪರಾಧಿಗಳನ್ನು ಶಂಕಿಸಿದರೆ, ಅವರ ಬಳಿ ಹೋಗಿ ಕ್ಷಮಿಸಿ ಎನ್ನಲು ವಿಳಾಸವಿಲ್ಲದೆ, ಅವರು ತಪ್ಪಿತಸ್ಥರಲ್ಲವೆಂದು ವರ್ಷಗಟ್ಟಲೆ ಸಾಬೀತು ಮಾಡುತ್ತಲೇ ಇರುತ್ತಾರೆ. ಆ ಸಾಕ್ಷ್ಯದಿಂದ ಯಾರ ಮನೆಯೂ ಮತ್ತೆ ಏಳುವುದಿಲ್ಲ.